ಬ್ರೇಕಕ್ಕನ ಪೆನಿಸಿಲಿನ್

ಬ್ರೇಕಕ್ಕ ಅನ್ನುವುದು ಆಕೆಯ ಹೆಸರಲ್ಲ. ಆದರೆ ಇಪ್ಪತ್ತೆರಡು ವರ್ಷಗಳಿಂದ ಆ ಬಡಾವಣೆಯಲ್ಲಿ ಕಾರು ಕಲಿತವರೆಲ್ಲ ಆಕೆಯನ್ನು ಕರೆದದ್ದು ಹಾಗೆಯೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಆಕೆಯ ಬಲಗಾಲು ಸದಾ ಅದರ ಮೇಲೆ. ಕಲಿಯುವವರು ಕಕ್ಕಾಬಿಕ್ಕಿಯಾಗಿ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಾಗ ಆಕೆ ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ಕಾರು ನಿಲ್ಲಿಸಿಬಿಡುತ್ತಿದ್ದಳು. ಆಮೇಲೆ, "ಪರವಾಗಿಲ್ಲ, ಗೋಡೆ ಇನ್ನೂ ಅಲ್ಲೇ ಇದೆ, ಇನ್ನೊಂದ್ಸಲ ನೋಡೋಣ" ಅನ್ನುತ್ತಿದ್ದಳು. ಬೈದವಳಲ್ಲ, ಹೆದರಿದವಳಂತೂ ಮೊದಲೇ ಅಲ್ಲ.

ಅಂಥವಳು ಹೆದರುತ್ತಿದ್ದದ್ದು ಒಂದೇ ಒಂದಕ್ಕೆ, ಪೆನಿಸಿಲಿನ್‌ಗೆ.

ಅದರ ಕಥೆ ಆಕೆಗೆ ಬಾಯಿಪಾಠವಾಗಿತ್ತು. ಹೆಚ್ಚಿನದು ಆಕೆಗೆ ನೆನಪಿದ್ದದ್ದಲ್ಲ. ಅಮ್ಮ ಹೇಳಿ ಹೇಳಿ ಬಂದದ್ದು. ಆರು ವರ್ಷದವಳಿದ್ದಾಗ ಜ್ವರ ಬಂದಿತ್ತಂತೆ. ಡಾಕ್ಟರು ಗುಲಾಬಿ ಬಣ್ಣದ ಸಿರಪ್ ಕೊಟ್ಟಿದ್ದರಂತೆ. ಮೂರನೆಯ ದಿನ ಮೈತುಂಬ ಕೆಂಪು ದದ್ದು. ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ ಮೂರು ಮಹಡಿ ಇಳಿದು, ಎರಡು ಬೀದಿ ದಾಟಿ ಆಸ್ಪತ್ರೆಗೆ ಓಡಿದಳಂತೆ. "ಇನ್ನು ಹತ್ತು ನಿಮಿಷ ತಡವಾಗಿದ್ರೆ ಮಗು ನಿಮ್ಮ ಕೈಗೆ ಸಿಗ್ತಿರಲಿಲ್ಲ" ಎಂದರಂತೆ ಅಲ್ಲಿಯ ಡಾಕ್ಟರು. ಅಮ್ಮ ಈ ಕಥೆಯನ್ನು ನೆಂಟರಿಗೆ, ನೆರೆಯವರಿಗೆ, ಕೊನೆಗೆ ಅಳಿಯನಾಗುವವನು ಮೊದಲ ಸಲ ಮನೆಗೆ ಬಂದಾಗ ಅವನಿಗೂ ಹೇಳಿದ್ದಳು. ವರ್ಷ ಕಳೆದಂತೆ ದದ್ದುಗಳು ದಪ್ಪವಾಗುತ್ತ ಹೋದವು, ಹತ್ತು ನಿಮಿಷ ಐದಾಯಿತು. ಬ್ರೇಕಕ್ಕ ಶಾಲೆಯ ಅರ್ಜಿಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ, ಹಲ್ಲಿನ ಡಾಕ್ಟರ ಬಳಿ, ಎಲ್ಲೆಲ್ಲಿ ಕೇಳಿದರೋ ಅಲ್ಲೆಲ್ಲ "ಪೆನಿಸಿಲಿನ್ ಆಗಲ್ಲ" ಎಂದು ಬರೆಸುತ್ತ ಐವತ್ತಮೂರು ವರ್ಷದವಳಾದಳು.

ಎಡವಟ್ಟಾದದ್ದು ಬ್ರೇಕಿನ ಮೇಲಿರುವ ಆ ಬಲಗಾಲಿನಿಂದಲೇ. ಮೊಣಕಾಲಿನ ಕೆಳಗೆ ಚರ್ಮ ಇದ್ದಕ್ಕಿದ್ದಂತೆ ಕೆಂಪಗಾಗಿ, ಬಿಸಿಯಾಗಿ, ಊದಿಕೊಳ್ಳತೊಡಗಿತು. ಚರ್ಮದೊಳಗೆ ಸೋಂಕು ಎಂದರು. ಎರಡು ವರ್ಷದಲ್ಲಿ ಮೂರು ಸಲ ಬಂತು. ಪೆನಿಸಿಲಿನ್ ಕೊಡುವಂತಿಲ್ಲವಾದ್ದರಿಂದ ಪ್ರತಿಸಲವೂ ಬೇರೆ ಮಾತ್ರೆ ಕೊಟ್ಟರು. ಕಾಲು ವಾಸಿಯಾಗುವಷ್ಟರಲ್ಲಿ ಹೊಟ್ಟೆ ಕೆಟ್ಟು ಕೆರ ಹಿಡಿಯುತ್ತಿತ್ತು. ಮೂರನೆಯ ಸಲವಂತೂ ಪಾಠದ ಮಧ್ಯೆಯೇ, "ಎಡಕ್ಕೆ! ಪೆಟ್ರೋಲ್ ಬಂಕಿಗೆ! ಈಗಲೇ!" ಎಂದು ಕೂಗಿ, ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಓಡಿದಳು. ಕಲಿಯಲು ಬಂದಿದ್ದ ನಿವೃತ್ತ ಲೈಬ್ರರಿಯನ್ ಇದೂ ಪಾಠದ ಒಂದು ಭಾಗವೇ ಇರಬೇಕೆಂದುಕೊಂಡು, ಇಪ್ಪತ್ತು ನಿಮಿಷ ಎಂಜಿನ್ ಆರಿಸದೆ ಸೀಟ್ ಬೆಲ್ಟ್ ಬಿಗಿದುಕೊಂಡು ಕಲ್ಲಿನಂತೆ ಕೂತಿದ್ದರು.

ಆ ವಾರ ಆಕೆ ಬಡಾವಣೆಯ ಕ್ಲಿನಿಕ್ಕಿಗೆ ಹೋದಳು. ಬೇಕರಿ ಮತ್ತು ಕನ್ನಡಕದ ಅಂಗಡಿಯ ನಡುವೆ ಮೂರೇ ಕೋಣೆಯ ಕ್ಲಿನಿಕ್ ಅದು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕಾಲು ಒತ್ತಿ ನೋಡಿ, ಕಂಪ್ಯೂಟರಿನತ್ತ ತಿರುಗಿದಳು.

"ನಿಮ್ಮ ಕಾಲಿಗೆ ಪೆನಿಸಿಲಿನ್ ಜಾತಿಯ ಮಾತ್ರೆನೇ ಸರಿ. ಆದ್ರೆ ಇಲ್ಲಿ ಅಲರ್ಜಿ ಅಂತ ಕೆಂಪಗೆ ತೋರಿಸ್ತಿದೆ. ನಿಜವಾಗ್ಲೂ ಇದ್ಯಾ?"

"ಇದ್ಯಾ ಅಂದ್ರೆ? ಅಲ್ಲೇ ಬರೆದಿದ್ಯಲ್ಲ ಡಾಕ್ಟ್ರೇ."

"ಬರೆದಿದೆ. ಯಾರು ಬರೆಸಿದ್ದು?"

"ನಾನೇ."

"ನಿಮಗೆ ಯಾರು ಹೇಳಿದ್ದು?"

"ನಮ್ಮಮ್ಮ."

"ಪರೀಕ್ಷೆ ಮಾಡಿ ಹೇಳಿದ್ರಾ ಯಾರಾದ್ರೂ?"

ಅಲರ್ಜಿಯನ್ನು ಪರೀಕ್ಷೆ ಮಾಡಬೇಕು ಅನ್ನುವುದು ಬ್ರೇಕಕ್ಕನಿಗೆ ತೋಚಿಯೇ ಇರಲಿಲ್ಲ. ತನ್ನ ಕಣ್ಣು ಕಂದು ಬಣ್ಣ ಅನ್ನುವುದನ್ನು ಯಾರಾದರೂ ಪರೀಕ್ಷೆ ಮಾಡಿಸುತ್ತಾರೆಯೇ?

ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ಹೀಗೆ ಬರೆಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಪರೀಕ್ಷೆ ಮಾಡಿದರೆ ಅಲರ್ಜಿ ಇರುವುದೇ ಇಲ್ಲ. ಮಕ್ಕಳಿಗೆ ಜ್ವರದಿಂದಲೇ ದದ್ದು ಏಳುತ್ತದೆ, ಅದೇ ಹೊತ್ತಿಗೆ ಬಾಯಿಗೆ ಸಿರಪ್ ಹಾಕಿರುತ್ತಾರೆ, ತಪ್ಪು ಸಿರಪ್ಪಿನ ತಲೆಗೆ ಬರುತ್ತದೆ. ನಿಜವಾಗಿ ಇದ್ದವರಿಗೂ ವರ್ಷಗಳು ಉರುಳಿದಂತೆ ಬಹಳಷ್ಟು ಸಲ ಹೋಗಿಬಿಡುತ್ತದೆ. ಮೊದಲಾದರೆ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಹೋಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಪಾಯ ಕಡಿಮೆ ಇರುವವರಿಗೆ ಈಗ ಕ್ಲಿನಿಕ್ಕಿನಲ್ಲೇ ಮಾಡುತ್ತಾರೆ.

"ಚುಚ್ಚಿ ನೋಡ್ತೀರಾ?"

"ನಿಮ್ಮಂಥವರಿಗೆ ಚುಚ್ಚೋದೂ ಬೇಡ. ಒಂದು ಮಾತ್ರೆ ಕೊಟ್ಟು ಒಂದು ಗಂಟೆ ಕೂರಿಸಿಕೊಳ್ತೀವಿ. ಆದ್ರೆ ಮೊದಲು ಅವತ್ತು ಏನಾಗಿತ್ತು ಅಂತ ಸರಿಯಾಗಿ ಗೊತ್ತಾಗ್ಬೇಕು. ಮುಖ, ತುಟಿ ಊದಿತ್ತಾ? ಉಸಿರು ಕಟ್ಟಿತ್ತಾ? ಚರ್ಮ ಬೊಬ್ಬೆ ಎದ್ದು ಸುಲಿದಿತ್ತಾ? ಅಮ್ಮನ್ನ ಕೇಳ್ಕೊಂಡು ಬನ್ನಿ. ಹಾಗೇನಾದ್ರೂ ಆಗಿದ್ರೆ ಇಲ್ಲಿ ಮಾಡಲ್ಲ, ಆಸ್ಪತ್ರೆಗೇ ಕಳಿಸ್ತೀನಿ."

ಕೇಳಿಕೊಂಡು ಬರುವುದು! ಅದು ಡಾಕ್ಟರಮ್ಮನಿಗೆ ಸುಲಭದ ಮಾತು.

ಮನೆಯಲ್ಲಿ ಮೂವರು. ಬ್ರೇಕಕ್ಕ, ಗಣಿತದ ಮೇಷ್ಟರಾದ ಗಂಡ, ಎಂಬತ್ತೊಂದರ ಅಮ್ಮ. ಮೇಷ್ಟರು ವಿಷಯ ಕೇಳಿದವರೇ ಉತ್ಸಾಹದಿಂದ ಕನ್ನಡಕ ಒರೆಸಿಕೊಂಡರು.

"ಹತ್ತಕ್ಕೆ ಒಂಬತ್ತು ಅಂದ್ರೆ ಒಳ್ಳೇ ಲೆಕ್ಕನೇ. ಆದ್ರೆ ನೀನು ಆ ಹತ್ತನೆಯವಳೂ ಆಗಿರಬಹುದು."

"ಹಾಗಾದ್ರೆ ಮಾಡಿಸ್ಲಾ, ಬೇಡ್ವಾ?"

"ಅದನ್ನ ಲೆಕ್ಕ ಹೇಳಲ್ಲ."

"ಮತ್ತೆ ನಿಮ್ಮ ಲೆಕ್ಕ ಯಾಕ್ರೀ ಬೇಕು ನನಗೆ?"

ಅಮ್ಮ ಕಿಟಕಿಯ ಬಳಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಪ್ರಶ್ನೆ ಕೇಳಿದ್ದೇ ತಡ, ಟವೆಲನ್ನು ಪಕ್ಕಕ್ಕೆ ಎಸೆದಳು.

"ಊದಿತ್ತಾ ಅಂತ ಕೇಳ್ತಾಳಾ ಅವಳು? ಮುಖ ಇಷ್ಟು ದಪ್ಪ ಆಗಿತ್ತು! ಕಣ್ಣೇ ಕಾಣ್ತಿರಲಿಲ್ಲ!"

"ಅಮ್ಮಾ, ಇಷ್ಟು ದಿನ ದದ್ದು ಅಂತ ಮಾತ್ರ ಹೇಳ್ತಿದ್ದೆ. ಮುಖ ಯಾವಾಗ ಊದಿತು?"

"ದದ್ದು ಎದ್ರೆ ಮುಖ ಊದಲ್ವೇನೇ? ಅದನ್ನ ಬೇರೆ ಬಿಡಿಸಿ ಹೇಳ್ಬೇಕಾ?"

"ಉಸಿರು?"

"ಉಸಿರು..." ಅಮ್ಮ ತಡವರಿಸಿದಳು. "ಉಸಿರು ನನಗೆ ಕಟ್ಟಿತ್ತು. ಮೂರು ಮಹಡಿ ಇಳಿದು ಓಡಿದ್ದು ನಾನಲ್ವಾ."

ಅಮ್ಮನ ಮಾತು ಒಂದು ದಿನ ಒಂದು ಥರ, ಮರುದಿನ ಇನ್ನೊಂದು ಥರ. ಸಾಕಾಗಿ ಬ್ರೇಕಕ್ಕ ದೂರದಲ್ಲಿದ್ದ ಸೋದರತ್ತೆಗೆ ಫೋನು ಮಾಡಿದಳು. ಅಪ್ಪನ ತಂಗಿಯಾದ ಆಕೆ ಆ ದಿನಗಳಲ್ಲಿ ಅವರ ಮನೆಯಲ್ಲೇ ಇದ್ದವಳು. ಅತ್ತೆ ಹೇಳಿದ್ದನ್ನು ಕೇಳಿ ಬ್ರೇಕಕ್ಕನಿಗೆ ತಲೆ ಗಿರ್ರೆಂದಿತು.

"ನಿನಗೆಲ್ಲೇ ದದ್ದು ಎದ್ದಿತ್ತು? ಎದ್ದಿದ್ದು ನಿನ್ನ ತಮ್ಮನಿಗೆ!"

"ಏನತ್ತೆ ಹೇಳ್ತಿದ್ದೀಯ?"

"ಇಬ್ಬರಿಗೂ ಜ್ವರ. ಒಂದೇ ಬಾಟಲಿ, ಒಂದೇ ಚಮಚ. ನೀನು ಬಾಯಿಗೆ ಹಾಕಿದ್ದನ್ನೆಲ್ಲ ನನ್ನ ಮೇಲೆ ಉಗುಳ್ತಿದ್ದೆ. ನುಂಗಿದ್ದು ಅವನೊಬ್ನೇ. ನಿಮ್ಮಮ್ಮ ಎತ್ಕೊಂಡು ಓಡಿದ್ದು ಅವನನ್ನ. ನಾಲ್ಕು ವರ್ಷದವನು, ಹಗುರ ಇದ್ದ. ನಿನ್ನನ್ನ ಎತ್ಕೊಂಡು ಓಡೋಕಾಗ್ತಿತ್ತಾ, ಗುಂಡುಕಲ್ಲು ಥರ ಇದ್ದೆ!"

ಇದನ್ನು ಅಮ್ಮನಿಗೆ ಹೇಳಿದರೆ ಅಮ್ಮ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಮೂರನೆಯ ದಿನ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಮೇಷ್ಟರ ಕೈಲಿ ಇಳಿಸಿಕೊಂಡು, ತಳದಿಂದ ಒಂದು ಹಳದಿ ಕಾರ್ಡು ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ನೋಡು. ಯಾರ ಹೆಸರಿದೆ ನೋಡು. ನಿಮ್ಮತ್ತೆ ದೊಡ್ಡದಾಗಿ ಹೇಳ್ತಾಳೆ!"

ಬ್ರೇಕಕ್ಕನ ಹೆಸರೇ ಇತ್ತು. ಮಕ್ಕಳಿಗೆ ಲಸಿಕೆ ಹಾಕಿಸುವಾಗ ಕೊಡುತ್ತಿದ್ದ ಕಾರ್ಡು. ಹಿಂಬದಿಯಲ್ಲಿ ಯಾರೋ ಡಾಕ್ಟರು ನೀಲಿ ಶಾಯಿಯಲ್ಲಿ ಅವಸರದಿಂದ ಬರೆದದ್ದು ಇನ್ನೂ ಓದುವಂತಿತ್ತು. ಮೂರನೇ ದಿನ. ಮೈಮೇಲೆ ಸಣ್ಣ ಕೆಂಪು ದದ್ದು. ಮುಖ ಊದಿಲ್ಲ. ಉಸಿರಾಟ ಸರಿಯಿದೆ. ಜ್ವರ ಇದೆ. ಅದರ ಕೆಳಗೆ: ಪೆನಿಸಿಲಿನ್ ಅಲರ್ಜಿ, ಮುಂದೆ ಒಂದು ಪ್ರಶ್ನೆ ಚಿಹ್ನೆ.

ಮೇಷ್ಟರು ಭೂತಗನ್ನಡಿ ತಂದು ನೋಡಿದರು. ಪ್ರಶ್ನೆ ಚಿಹ್ನೆಯೇ, ಅನುಮಾನವಿಲ್ಲ. ಆ ಡಾಕ್ಟರಿಗೆ ಗೊತ್ತಾಗಿರಲಿಲ್ಲ. ಇರಬಹುದೇನೋ ಎಂದು ಬರೆದಿದ್ದರು. ಅದನ್ನು ನೋಡಿ ಶಾಲೆಯ ಪುಸ್ತಕಕ್ಕೆ ಬರೆದುಕೊಂಡವರು ಆ ಕೊಂಕು ಗೆರೆಯನ್ನು ಬಿಟ್ಟಿದ್ದರು. ಅಲ್ಲಿಂದ ಮುಂದೆ ಅಲರ್ಜಿಯೊಂದೇ ಊರೂರು ಸುತ್ತಿತ್ತು.

"ಈಗ ಆಯ್ತಲ್ಲ, ಅತ್ತೆ ಹೇಳಿದ್ದು ಸುಳ್ಳು" ಎಂದರು ಮೇಷ್ಟರು.

ಬ್ರೇಕಕ್ಕ ಮತ್ತೆ ಫೋನು ಮಾಡಿದಳು. ಅತ್ತೆ ಒಂದಿಷ್ಟೂ ವಿಚಲಿತಳಾಗಲಿಲ್ಲ. "ಅವತ್ತು ಅವಸರದಲ್ಲಿ ಅವನ ಕಾರ್ಡು ಸಿಗಲಿಲ್ಲ ಕಣೇ, ನಿನ್ನದನ್ನೇ ಎತ್ಕೊಂಡು ಹೋದ್ಲು. ನಿಮ್ಮಮ್ಮನಿಗೆ ಮರೆತುಹೋಗಿರಬೇಕು" ಎಂದಳು.

ಇಷ್ಟಾದ ಮೇಲೆ ಬ್ರೇಕಕ್ಕನಿಗೆ ತನ್ನ ಮೈಯೇ ತನ್ನದು ಹೌದೋ ಅಲ್ಲವೋ ಎನ್ನುವಂತಾಯಿತು. ಕನ್ನಡಿಯ ಮುಂದೆ ನಿಂತು ತೋಳು ತಿರುಗಿಸಿ ನೋಡಿಕೊಂಡಳು. ಈ ತೋಳಿನ ಮೇಲೆ ಎದ್ದಿತ್ತೇ ದದ್ದು? ಅಮ್ಮನ ಹೆಗಲ ಮೇಲೆ ಕುಲುಕಾಡುತ್ತ ಹೋದ ನೆನಪು ಇದೆ ಎಂದೇ ಆಕೆ ಇಷ್ಟು ದಿನ ನಂಬಿದ್ದಳು. ಅಮ್ಮನ ಕತ್ತಿನ ಬೆವರಿನ ವಾಸನೆ ಸಹ ನೆನಪಿತ್ತು. ಅದೂ ಕೇಳಿ ಕೇಳಿ ತಾನೇ ಕಟ್ಟಿಕೊಂಡದ್ದೇ? ತಮ್ಮ ಹೆಗಲ ಮೇಲಿದ್ದರೆ, ಆ ಹೊತ್ತಿನಲ್ಲಿ ತಾನು ಎಲ್ಲಿದ್ದೆ? ಮನೆಯಲ್ಲಿ ಅತ್ತೆಯ ಮೇಲೆ ಸಿರಪ್ ಉಗುಳುತ್ತ ಕೂತಿದ್ದೆನೇ?

ಕಾರ್ಡು ನೋಡಿ ಡಾಕ್ಟರಮ್ಮ ಮಾತ್ರ ಖುಷಿಪಟ್ಟಳು. "ಇಂಥದ್ದು ಯಾರ ಹತ್ರಾನೂ ಸಿಗಲ್ಲ. ಮುಖ ಊದಿಲ್ಲ ಅಂತ ಬರೆದೇ ಇದ್ದಾರೆ."

"ಆದ್ರೆ ಡಾಕ್ಟ್ರೇ, ಅದು ನನ್ನ ದದ್ದೋ ತಮ್ಮನದ್ದೋ ಅಂತಾನೇ ಗೊತ್ತಾಗ್ತಿಲ್ಲ."

"ನಿಮ್ಮದಾದ್ರೂ ಅಪಾಯ ಕಡಿಮೆ, ಪರೀಕ್ಷೆ ಮಾಡಬಹುದು. ನಿಮ್ಮದಲ್ಲ ಅಂದ್ರೆ ಇನ್ನೂ ಒಳ್ಳೇದು."

ಕಾಲು ಪೂರ್ತಿ ವಾಸಿಯಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷೆ. ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಕೈಯಲ್ಲೊಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಹೊದಿಕೆ, ಹಲ್ಲುಜ್ಜುವ ಬ್ರಷ್ಷು. "ಅಡ್ಮಿಟ್ ಮಾಡಿದ್ರೆ ಬೇಕಾಗತ್ತೆ" ಎಂದಳು. ಬ್ರೇಕಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಳಗಿನ ಕೋಣೆಯಲ್ಲಿದ್ದ ನರ್ಸು ಪರಿಚಯದವಳೇ. ಆರು ವರ್ಷದ ಕೆಳಗೆ ಬ್ರೇಕಕ್ಕನ ಬಳಿ ಕಾರು ಕಲಿತು, ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ ನಾಲ್ಕನೆಯ ಸಲಕ್ಕೆ ಪಾಸಾದವಳು. ರಕ್ತದೊತ್ತಡ, ನಾಡಿ ನೋಡಿದಳು. ಟ್ರೇಯಲ್ಲಿ ಒಂದು ಇಂಜೆಕ್ಷನ್ ಸಿದ್ಧವಾಗಿತ್ತು.

"ಅದೇನು?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ಕೊಡೋಕೆ. ಇಟ್ಕೊಂಡಿರಲೇಬೇಕು ಅಕ್ಕಾ. ಇದುವರೆಗೂ ಇಲ್ಲಿ ಒಮ್ಮೆನೂ ಬೇಕಾಗಿಲ್ಲ."

ಮಾತ್ರೆ ಸಾಧಾರಣ ಬಿಳಿ ಮಾತ್ರೆ. ಹತ್ತಿರಹತ್ತಿರ ಐವತ್ತು ವರ್ಷ ಹೆದರಿಸಿದ್ದು ಇಷ್ಟು ಪುಟ್ಟದೇ ಎಂದು ಬ್ರೇಕಕ್ಕ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ನೀರು ಕುಡಿದಳು. ನುಂಗಿದಳು. ನುಂಗಿದ ಮರುಗಳಿಗೆಯೇ ಗಂಟಲು ಬಿಗಿದಂತಾಯಿತು.

"ಸಿಸ್ಟರ್, ಗಂಟಲು..."

"ಮಾತ್ರೆ ಇನ್ನೂ ಹೊಟ್ಟೆಗೇ ಇಳಿದಿರಲ್ಲ ಅಕ್ಕಾ" ಎಂದಳು ನರ್ಸು ಶಾಂತವಾಗಿ. ಆದರೂ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದಳು, ನಾಡಿ ಹಿಡಿದಳು. "ಏನೂ ಇಲ್ಲ."

ಐದು ನಿಮಿಷಕ್ಕೆ ಎಡಗಿವಿ ತುರಿಸಿತು. ಹತ್ತು ನಿಮಿಷಕ್ಕೆ ಬೆನ್ನು. ಹದಿನೈದಕ್ಕೆ, ಎಂದೂ ತುರಿಸದಿದ್ದ ಅಂಗಾಲು. ನರ್ಸು ಪ್ರತಿಸಲವೂ ಎದ್ದು ಬಂದು ನೋಡುತ್ತಿದ್ದಳು. ಚರ್ಮ ತಣ್ಣಗೆ, ನುಣ್ಣಗೆ ಇತ್ತು. ಎದುರಿಗೆ ಕೂತಿದ್ದ ಅಮ್ಮ ಮಗಳ ಮುಖವನ್ನು ರೆಪ್ಪೆ ಮಿಟುಕಿಸದೆ ನೋಡುತ್ತ, ಐದು ನಿಮಿಷಕ್ಕೊಮ್ಮೆ "ಕೆಂಪಗಾಯ್ತು ನೋಡು, ಕೆಂಪಗಾಯ್ತು" ಅನ್ನುತ್ತಿದ್ದಳು. ಕೊನೆಗೆ ನರ್ಸು ನಗುತ್ತ, "ಅಜ್ಜಿ, ನೀವು ಹೀಗೇ ನೋಡ್ತಿದ್ರೆ ನಾನೂ ಕೆಂಪಗಾಗ್ತೀನಿ" ಎಂದು ಆಕೆಯನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿದಳು.

ಅರ್ಧ ಗಂಟೆ ಕಳೆಯಿತು. ತುರಿಕೆಗಳು ಒಂದೊಂದಾಗಿ ಮಾಯವಾದವು. ಅಷ್ಟು ಹೊತ್ತಿಗೆ ಬ್ರೇಕಕ್ಕನಿಗೆ ಒಂದು ವಿಚಿತ್ರವಾದ ಸಂಗತಿ ಅರಿವಿಗೆ ಬಂತು. ಏನೂ ಆಗುತ್ತಿಲ್ಲವಲ್ಲ ಎಂದು ಆಕೆಗೆ ಸಂತೋಷವಾಗುತ್ತಿರಲಿಲ್ಲ. ಒಂದೇ ಒಂದು ದದ್ದಾದರೂ ಏಳಬಾರದೇ, ತೋರಿಸಲಿಕ್ಕೆ, ಎಂದು ಮನಸ್ಸು ಬಯಸುತ್ತಿತ್ತು. ತನಗೆ ಇದೇನು ಹುಚ್ಚು ಎಂದು ಆಕೆಗೇ ಅರ್ಥವಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಬಟ್ಟೆಯ ಚೀಲವನ್ನು ಮಡಿಲಲ್ಲಿ ಅಪ್ಪಿ ಕೂತಿದ್ದ ಅಮ್ಮನ ಬಾಗಿದ ಬೆನ್ನು ಕಂಡಾಗ ಸ್ವಲ್ಪ ಅರ್ಥವಾಯಿತು. ಅರ್ಥವಾದದ್ದೇ ಇನ್ನಷ್ಟು ಕಸಿವಿಸಿಯಾಯಿತು.

ಒಂದು ಗಂಟೆ ಆಯಿತು. ಡಾಕ್ಟರಮ್ಮ ಬಂದು ನೋಡಿ, "ಇವತ್ತಿಗೆ ಪಾಸು" ಎಂದಳು. ಕೆಲವರಿಗೆ ತಡವಾಗಿ ದದ್ದು ಬರುವುದುಂಟು, ಮೂರು ದಿನ ಗಮನಿಸಿ, ಏನೇ ಕಂಡರೂ ಫೋನು ಮಾಡಿ ಎಂದಳು.

ಅಮ್ಮ ಎದ್ದು ನಿಂತಳು. "ಹಾಗಾದ್ರೆ ನಾನು ಓಡಿದ್ದೆಲ್ಲ ಸುಳ್ಳಾ?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು. ಕೇಳಿದ್ದು ಡಾಕ್ಟರಮ್ಮನನ್ನೋ ನರ್ಸನ್ನೋ ಗೋಡೆಯನ್ನೋ ತಿಳಿಯುವಂತಿರಲಿಲ್ಲ.

"ದದ್ದು ಎದ್ದಿದ್ದು ನಿಜ ಅಜ್ಜಿ, ಡಾಕ್ಟರೇ ಬರೆದಿದ್ದಾರೆ. ನೀವು ಓಡಿದ್ದೂ ನಿಜ" ಎಂದಳು ಡಾಕ್ಟರಮ್ಮ. "ಕಾರಣ ಮಾತ್ರ ಬೇರೆ ಇದ್ದಿರಬಹುದು. ಅವತ್ತು ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೂ ಓಡ್ತಿದ್ದೆ."

ಅಮ್ಮ ತಲೆಯಾಡಿಸಿದಳು. ಬಟ್ಟೆಯ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಎರಡನೆಯ ದಿನ ಮೊಣಕೈಯ ಮೇಲೊಂದು ಕೆಂಪು ಚುಕ್ಕೆ ಕಂಡಿತು. ಬ್ರೇಕಕ್ಕ ಪಾಠ ಹೇಳುತ್ತಿದ್ದ ಕಾರನ್ನು ಪಕ್ಕಕ್ಕೆ ಹಾಕಿಸಿ ಕ್ಲಿನಿಕ್ಕಿಗೆ ಫೋನು ಮಾಡಿದಳು. ಫೋಟೋ ಕಳಿಸಿ ಎಂದರು. ಕಳಿಸಿದಳು. ಹತ್ತು ನಿಮಿಷಕ್ಕೆ ನರ್ಸಿನ ಉತ್ತರ ಬಂತು: "ಸೊಳ್ಳೆ, ಅಕ್ಕಾ."

ಇನ್ನು ಉಳಿದದ್ದು ತಮ್ಮ. ಲಿಫ್ಟ್ ರಿಪೇರಿ ಮಾಡುವವನು, ದಿನವಿಡೀ ಯಾವುದೋ ಕಟ್ಟಡದ ಗುಂಡಿಯಲ್ಲೋ ನೆತ್ತಿಯಲ್ಲೋ ಇರುವವನು. ಅಕ್ಕನ ಫೋನಿಗೆ ಅವನು ಉತ್ತರಿಸಿದ್ದು ಎಂಟನೆಯ ಮಹಡಿಯಿಂದ.

"ಅಲರ್ಜಿ ನಂದಂತೆ ಕಣೋ. ಅಂದ್ರೆ, ನಿಂದಂತೆ. ಅತ್ತೆ ಹೇಳಿದ್ಲು."

"ಯಾರದ್ದು ಅಂತ ಸರಿಯಾಗಿ ಹೇಳಕ್ಕಾ, ಇಲ್ಲಿ ಹಗ್ಗ ಹಿಡ್ಕೊಂಡು ನೇತಾಡ್ತಿದ್ದೀನಿ."

"ನೀನು ಯಾವತ್ತಾದ್ರೂ ಪೆನಿಸಿಲಿನ್ ತಗೊಂಡಿದ್ಯಾ?"

"ನನಗೇನು ಗೊತ್ತು. ಕೊಟ್ಟಿದ್ದನ್ನ ನುಂಗ್ತೀನಿ."

ಸಂಜೆ ಅವನು ತನ್ನ ಹಲ್ಲಿನ ಡಾಕ್ಟರನ್ನು ಕೇಳಿದ. ಅಲ್ಲಿಯ ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ಅದೇ ಜಾತಿಯ ಮಾತ್ರೆಯನ್ನು ಅವನು ಎರಡು ಸಲ, ಐದೈದು ದಿನ ತಗೊಂಡಿದ್ದ. ಕೂದಲೂ ಕೊಂಕಿರಲಿಲ್ಲ.

ಆಕೆಗಿಲ್ಲ, ಅವನಿಗಿಲ್ಲ. ಹಾಗಾದರೆ ನಲವತ್ತೇಳು ವರ್ಷ ಈ ಮನೆಯಲ್ಲಿ ಯಾರಿಗಿತ್ತು ಅಲರ್ಜಿ? ಮೇಷ್ಟರು ಕಾಗದ ತೆಗೆದುಕೊಂಡು ಒಂದು ಪಟ್ಟಿ ಹಾಕಲು ಕೂತರು, ಹೆಂಡತಿಯ ಮುಖ ನೋಡಿ ಎದ್ದರು.

ಕ್ಲಿನಿಕ್ಕಿನಿಂದ ಒಂದು ಪತ್ರ ಬಂತು: ಇವರಿಗೆ ಪೆನಿಸಿಲಿನ್ ಅಲರ್ಜಿ ಇಲ್ಲ, ಪರೀಕ್ಷಿಸಲಾಗಿದೆ. ಪತ್ರ ಕೈಗೆ ಬಂದರೂ ನಾಲಿಗೆ ಹಳೆಯದೇ. ಹೊಸ ಕನ್ನಡಕ ಮಾಡಿಸಲು ಹೋದಾಗಲೂ ಯಾರೂ ಕೇಳದೆಯೇ "ನನಗೆ ಪೆನಿಸಿಲಿನ್ ಆಗಲ್ಲ" ಎಂದುಬಿಟ್ಟಳು. ಅಂಗಡಿಯವನು, "ಕನ್ನಡಕಕ್ಕೆ ಅದು ಹಾಕಲ್ಲಮ್ಮ" ಎಂದ.

ನಾಲ್ಕು ತಿಂಗಳಾದ ಮೇಲೆ ಕಾಲು ಮತ್ತೆ ಕೆಂಪಗಾಯಿತು. ಡಾಕ್ಟರಮ್ಮ ಚೀಟಿ ಬರೆದಳು, ಈ ಸಲ ಸರಿಯಾದ ಮಾತ್ರೆ. ಔಷಧಿ ಅಂಗಡಿಯವನು ಕಂಪ್ಯೂಟರ್ ಪರದೆ ನೋಡಿ ಚೀಟಿ ವಾಪಸು ಮಾಡಿದ.

"ಕೊಡೋಕಾಗಲ್ಲ ಮೇಡಂ. ನಿಮಗೆ ಅಲರ್ಜಿ."

"ಇಲ್ಲ. ನನಗಿಲ್ಲ."

"ಇಲ್ಲಿ ಇದೆ ಅಂತ ಇದೆ."

"ನಾನೇ ಬರೆಸಿದ್ದು ಅದು. ಈಗ ಇಲ್ಲ."

"ನೀವೇ ಇದೆ ಅಂತ ಬರೆಸಿ, ನೀವೇ ಇಲ್ಲ ಅಂದ್ರೆ ನಾನು ಯಾವುದನ್ನ ನಂಬಲಿ?"

ಅವನ ಪ್ರಶ್ನೆ ನ್ಯಾಯವಾದದ್ದೇ. ತನ್ನ ಅಲರ್ಜಿಯ ವಿರುದ್ಧ ತಾನೇ ವಾದಿಸುತ್ತ ನಿಂತ ಬ್ರೇಕಕ್ಕನಿಗೆ ಒಂದು ಕ್ಷಣ ಅವನೇ ಸರಿಯೇನೋ ಅನ್ನಿಸಿತು. ಮನೆಗೆ ಹೋಗಿ ಪತ್ರ ತಂದಳು. ಅವನು ಕ್ಲಿನಿಕ್ಕಿಗೆ ಫೋನು ಮಾಡಿ ಖಚಿತ ಮಾಡಿಕೊಂಡು, ಪರದೆಯ ಮೇಲಿನ ಕೆಂಪು ಸಾಲನ್ನು ಅಳಿಸಿ ಮಾತ್ರೆ ಕೊಟ್ಟ.

ನಾಲ್ಕೇ ದಿನಕ್ಕೆ ಕಾಲಿನ ಊತ ಇಳಿಯಿತು. ಹೊಟ್ಟೆ ತೆಪ್ಪಗಿತ್ತು. ಒಂದು ಪಾಠವೂ ತಪ್ಪಲಿಲ್ಲ.

ಐದನೆಯ ದಿನ ಮಧ್ಯಾಹ್ನ ಬ್ರೇಕಕ್ಕ ಕಾಲು ನೀಡಿ ಕೂತಿದ್ದಾಗ ಅಮ್ಮ ಪಕ್ಕಕ್ಕೆ ಬಂದು ಕೂತಳು. ಕನ್ನಡಕ ಏರಿಸಿಕೊಂಡು ಮಗಳ ಕಾಲನ್ನು ನೋಡಿದಳು, ಬೆರಳಿನಿಂದ ಮೆಲ್ಲಗೆ ಒತ್ತಿದಳು. ಆಮೇಲೆ ತೋಳು ನೋಡಿದಳು, ಕತ್ತು ನೋಡಿದಳು. ಎಲ್ಲೂ ಏನೂ ಇರಲಿಲ್ಲ.

"ಹಾಗಾದ್ರೆ ಅವತ್ತು ನಾನು ಎತ್ಕೊಂಡು ಓಡಿದ್ದು ಯಾರನ್ನೇ?" ಎಂದಳು.

"ಗೊತ್ತಿಲ್ಲಮ್ಮ."

ಅಮ್ಮ ಮಗಳ ತೋಳನ್ನು ಇನ್ನೊಮ್ಮೆ ಸವರಿದಳು. "ನನಗೂ ಗೊತ್ತಾಗ್ತಿಲ್ಲ ಕಣೇ" ಎಂದಳು. ಈ ವಿಷಯದಲ್ಲಿ ಅಮ್ಮ ಗೊತ್ತಿಲ್ಲ ಎಂದದ್ದನ್ನು ಬ್ರೇಕಕ್ಕ ಕೇಳಿದ್ದು ಅದೇ ಮೊದಲು. ಆಕೆ ಸ್ವಲ್ಪ ಸರಿದು ಅಮ್ಮನಿಗೆ ಜಾಗ ಮಾಡಿಕೊಟ್ಟಳು. ಅಮ್ಮ ಕಾಲು ಮೇಲೆತ್ತಿಕೊಂಡು ಮಗಳ ಭುಜಕ್ಕೆ ಒರಗಿದಳು. ಹೊರಗೆ ಕಲಿಯಲು ಬಂದವರು ಯಾರೋ ಹಾರ್ನ್ ಮಾಡುತ್ತಿದ್ದರು. ಹೋಗಬೇಕಿತ್ತು. ಬ್ರೇಕಕ್ಕ ಇನ್ನೂ ಸ್ವಲ್ಪ ಹೊತ್ತು ಏಳಲಿಲ್ಲ.